ಹನ್ನೊಂದು ಕಡಿಮೆ

ಹಳೆಯ ಲ್ಯಾಪ್‌ಟಾಪಿನ ಬಲಗಡೆಯ ಕೀಲು ಮುರಿದು ಎರಡು ವರ್ಷವಾಗಿತ್ತು. ಪರದೆ ಹಿಂದಕ್ಕೆ ಬೀಳದಂತೆ ಒಂದು ದಪ್ಪ ಡೈರಿಯನ್ನು ಆಸರೆ ಕೊಟ್ಟು ಕೆಲಸ ಮಾಡುತ್ತಿದ್ದೆ. ಪರದೆಯ ಎಡ ಅಂಚಿನಲ್ಲಿ ಒಂದು ಕಪ್ಪು ಪಟ್ಟಿ ಕಾಣಿಸಿಕೊಂಡು ತಿಂಗಳಿಗೊಂದಿಷ್ಟು ಅಗಲವಾಗುತ್ತಿತ್ತು. ಆದರೂ ಬದಲಿಸಲು ಹಿಂಜರಿಯುತ್ತಿದ್ದೆ. ಅದರಲ್ಲಿ ಜನರ ಕಿವಿಗಳಿದ್ದವು.

ಕಿವಿ ಪರೀಕ್ಷಿಸಿ, ಸರಿಯಾಗಿ ಕೇಳದವರಿಗೆ ಮಷಿನ್ ಹೊಂದಿಸಿಕೊಡುವುದು ನನ್ನ ಕೆಲಸ. ಗೋಕಾಕದಲ್ಲಿ ಔಷಧದ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಕೂರುತ್ತೇನೆ. ವಾರಕ್ಕೊಂದು ದಿನ ಮೂಡಲಗಿಗೆ ಹೋಗುತ್ತೇನೆ, ಅಲ್ಲಿ ಒಂದು ಕನ್ನಡಕದ ಅಂಗಡಿಯ ಹಿಂದೆ ಸಣ್ಣ ಕೋಣೆ ಇದೆ. ಇನ್ನೊಂದು ದಿನ ಹುಕ್ಕೇರಿ, ಅಲ್ಲಿ ಹಲ್ಲಿನ ಡಾಕ್ಟರೊಬ್ಬರು ತಮ್ಮ ದವಾಖಾನೆಯಲ್ಲಿ ಮಧ್ಯಾಹ್ನದವರೆಗೆ ಜಾಗ ಕೊಟ್ಟಿದ್ದಾರೆ. ಮೂರೂ ಕಡೆ ಲ್ಯಾಪ್‌ಟಾಪು ನನ್ನ ಜೊತೆಗೇ ಬರುತ್ತದೆ. ಕಿವಿಯ ಹಿಂದೆ ಕೂರುವ ಆ ಪುಟ್ಟ ಮಷಿನ್ನಿಗೆ ತಂತಿ ಜೋಡಿಸಿ, ಲ್ಯಾಪ್‌ಟಾಪಿನ ಪ್ರೋಗ್ರಾಮಿನಿಂದ ಅದಕ್ಕೆ ಹೇಳಬೇಕು: ತೆಳು ದನಿಯನ್ನು ಇಷ್ಟು ಏರಿಸು, ದಪ್ಪ ದನಿಯನ್ನು ಇಷ್ಟು, ಯಾವ ಸದ್ದನ್ನೂ ಈ ಮಿತಿಯ ಮೇಲೆ ಬಿಡಬೇಡ. ಆ ಮಿತಿ ಒಬ್ಬೊಬ್ಬರಿಗೆ ಒಂದೊಂದು. ಪೂರ್ತಿ ಕೆಟ್ಟ ಕಿವಿಗೆ ಬೇಕಾದಷ್ಟು ಸದ್ದನ್ನು ಅರ್ಧ ಕೆಟ್ಟ ಕಿವಿಗೆ ಬಿಟ್ಟರೆ ಉಳಿದರ್ಧವೂ ಹೋಗಬಹುದು. ಇದನ್ನು ನಮಗೆ ಮೊದಲ ವರ್ಷವೇ ಕಲಿಸುತ್ತಾರೆ.

ಇಲ್ಲಿ ಬರೆಯುತ್ತಿರುವುದು ಹೋದ ಕಬ್ಬಿನ ಹಂಗಾಮಿನ ಒಂದು ವಾರದ ಸಂಗತಿ. ನಡೆದ ಕ್ರಮದಲ್ಲಿಯೇ ಬರೆಯುತ್ತೇನೆ. ಕ್ರಮ ತಪ್ಪಿದರೆ ನನ್ನ ತಪ್ಪು ಇದ್ದದ್ದಕ್ಕಿಂತ ಚಿಕ್ಕದಾಗಿ ಕಾಣುತ್ತದೆ.

ಹೊಸ ಲ್ಯಾಪ್‌ಟಾಪು ಶನಿವಾರ ಬಂತು. ಭಾನುವಾರ ಬೆಳಿಗ್ಗೆ ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ಕುಳಿತೆ. ಮೊದಲು ಸುಲಭದವು: ಶಾಲೆಗಳಿಗೆ ಬರೆದ ಪತ್ರಗಳು, ಅಂಗವಿಕಲರ ಪ್ರಮಾಣಪತ್ರಕ್ಕೆ ಕೊಟ್ಟ ವರದಿಗಳು, ಮಕ್ಕಳ ಪರೀಕ್ಷೆಗೆಂದು ನಾನೇ ರೆಕಾರ್ಡ್ ಮಾಡಿಕೊಂಡಿದ್ದ ಹಸು, ನಾಯಿ, ಬಸ್ಸಿನ ಹಾರನ್ನಿನ ಸದ್ದುಗಳು. ಅವೆಲ್ಲ ಪೆನ್‌ಡ್ರೈವಿನಲ್ಲಿ ಬಂದವು. ಮಷಿನ್ನಿಗೆ ತಂತಿ ಜೋಡಿಸುವ ಡಬ್ಬಿಯೊಂದಿದೆ. ಅದನ್ನು ನಡೆಸುವ ಸಣ್ಣ ಪ್ರೋಗ್ರಾಮು ಸಿ.ಡಿ.ಯಲ್ಲಿತ್ತು, ಹೊಸದಕ್ಕೆ ಸಿ.ಡಿ. ಹಾಕುವ ಜಾಗವೇ ಇರಲಿಲ್ಲ. ಹಳೆಯದರಲ್ಲಿ ಹಾಕಿ, ಇಳಿಸಿಕೊಂಡು, ಮೂರನೆಯ ಸಲಕ್ಕೆ ಹೊಸದರಲ್ಲಿ ಕೂರಿಸಿದೆ.

ಮುಖ್ಯ ಪ್ರೋಗ್ರಾಮಿಗೆ ಲೈಸೆನ್ಸ್ ಒಂದೇ. ಹಳೆಯದರಲ್ಲಿ ಮುಚ್ಚಿದ ಮೇಲೆಯೇ ಹೊಸದರಲ್ಲಿ ತೆರೆಯುತ್ತದೆ. ಮುಚ್ಚಿದ ಮೇಲೆ ಹಳೆಯದರಲ್ಲಿ ಫೈಲುಗಳನ್ನು ನೋಡಬಹುದು, ಆದರೆ ಯಾವ ಮಷಿನ್ನಿಗೂ ಏನನ್ನೂ ಬರೆಯಲಾಗದು. ಮುಚ್ಚುವ ಮೊದಲು ಎಷ್ಟು ಜನರ ಫೈಲುಗಳಿವೆಯೆಂದು ನೋಡಿ ಡೈರಿಯಲ್ಲಿ ಬರೆದೆ: ಆರುನೂರ ನಲವತ್ತೆರಡು. ಆಮೇಲೆ ಮುಚ್ಚಿದೆ.

ಹೊಸ ಪ್ರೋಗ್ರಾಮು ಫೈಲುಗಳನ್ನು ತೆಗೆದುಕೊಳ್ಳುತ್ತ ಅರ್ಧ ದಾರಿಯಲ್ಲಿ ನಿಂತು ಒಂದು ಪ್ರಶ್ನೆ ಕೇಳಿತು. ಹೆಸರು ಮತ್ತು ಹುಟ್ಟಿದ ದಿನ ಒಂದೇ ಆಗಿರುವ ಕೆಲವು ಫೈಲುಗಳಿವೆ, ಅವನ್ನು ಒಬ್ಬರದೇ ಎಂದು ಕೂಡಿಸಲೇ? ಎಲ್ಲದಕ್ಕೂ ಹೌದು ಎಂಬ ಚೌಕದಲ್ಲಿ ಗುರುತು ಮೊದಲೇ ಬಿದ್ದಿತ್ತು. ನಾನು ಆ ಪ್ರಶ್ನೆಯನ್ನು ಓದಿದೆ. ಓದಲಿಲ್ಲ ಎಂದು ಹೇಳಲಾರೆ. ಮೂರು ವರ್ಷದ ಹಿಂದೆ ಒಂದು ದೊಡ್ಡ ಶಿಬಿರ ನಡೆದಿತ್ತು, ಅಲ್ಲಿ ಎಲ್ಲರಿಗೂ ಒಂದೇ ಮಾದರಿಯ ಮಷಿನ್ ಹಂಚಿದ್ದರು. ಆ ದಿನ ಗದ್ದಲದಲ್ಲಿ ಕೆಲವರು ಎರಡೆರಡು ಮೇಜಿನಲ್ಲಿ ಹೆಸರು ಬರೆಸಿದ್ದು ನನಗೆ ಗೊತ್ತಿತ್ತು. ಅಂಥವೇ ಇರಬೇಕು ಎಂದುಕೊಂಡು ಹೌದು ಒತ್ತಿದೆ.

ನಾಲ್ಕು ಗಂಟೆಗೆ ಕೆಲಸ ಮುಗಿಯಿತು. ಹೊಸದರಲ್ಲಿ ಆರುನೂರ ಮೂವತ್ತೊಂದು. ಹನ್ನೊಂದು ಕಡಿಮೆ. ಅದನ್ನೂ ಡೈರಿಯಲ್ಲಿ ಬರೆದು, ಮುಂದೆ 'ಶಿಬಿರದವು' ಎಂದು ಸೇರಿಸಿದೆ. ಹನ್ನೊಂದನ್ನು ತೆರೆದು ನೋಡಲು ಅರ್ಧ ಗಂಟೆ ಸಾಕಿತ್ತು. ನೋಡಲಿಲ್ಲ.

ಮಂಗಳವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಕಲ್ಲೋಳಿಯಿಂದ ಒಂದು ಡಬ್ಬಿ ಬಂತು. ನಮ್ಮ ಕಡೆ ಕಿವಿಯ ಮಷಿನ್ ಕೆಟ್ಟರೆ ಅದರ ಯಜಮಾನರು ಬರುವುದು ಕಡಿಮೆ. ಒಂದು ದಿನದ ದುಡಿಮೆ ಯಾಕೆ ಕಳೆದುಕೊಳ್ಳಬೇಕು? ಮಷಿನ್ನನ್ನು ಡಬ್ಬಿಯಲ್ಲಿಟ್ಟು ಬಸ್ಸಿನ ಕಂಡಕ್ಟರರ ಕೈಗೆ ಕೊಟ್ಟು ನನಗೆ ಫೋನ್ ಮಾಡುತ್ತಾರೆ. ನಾನು ಸ್ಟ್ಯಾಂಡಿಗೆ ಹೋಗಿ ಇಸಿದುಕೊಂಡು, ಸರಿಮಾಡಿ, ಇನ್ನೊಂದು ಬಸ್ಸಿಗೆ ಕೊಟ್ಟು ಕಳಿಸುತ್ತೇನೆ. ವರ್ಷಗಳಿಂದ ಹೀಗೇ ನಡೆದಿದೆ. ಒಂದೂ ಡಬ್ಬಿ ಕಳೆದಿಲ್ಲ.

ಈ ಡಬ್ಬಿ ಕಲ್ಲೋಳಿಯಲ್ಲಿ ಪಂಪ್‌ಸೆಟ್ಟಿನ ಮೋಟಾರ್ ರಿವೈಂಡಿಂಗ್ ಮಾಡುವವರದು. ಅರವತ್ತರ ಹತ್ತಿರದವರು, ನಾನು ಅವರನ್ನು ಕಾಕಾ ಎನ್ನುತ್ತೇನೆ. ಅವರ ಎಡಗಿವಿ ಚಿಕ್ಕಂದಿನಲ್ಲಿಯೇ ಸೋರಿ ಸೋರಿ ಪೂರ್ತಿ ಹೋಗಿತ್ತು. ಇದ್ದದ್ದು ಬಲಗಿವಿ ಒಂದೇ. ಅದೂ ಮೋಟಾರುಗಳ ನಡುವೆ ಸವೆದಿತ್ತು, ಆದರೆ ಬಹಳವಲ್ಲ. ಹತ್ತಿರ ಕೂತು ಮಾತಾಡಿದರೆ ಮಷಿನ್ ಇಲ್ಲದೆಯೂ ಕೇಳುತ್ತಿತ್ತು. ತಂತಿ ಸುತ್ತಿದ ಮೇಲೆ ಮೋಟಾರನ್ನು ಓಡಿಸಿ, ಅದರ ಸದ್ದಿನಲ್ಲಿಯೇ ಅವರು ಒಳಗಿನ ತಪ್ಪು ಹೇಳುತ್ತಿದ್ದರು. ಅವರ ಅನ್ನ ಆ ಒಂದು ಕಿವಿಯಲ್ಲಿತ್ತು.

ಮಷಿನ್ನಿನಲ್ಲಿ ಬೆವರು ಇಳಿದಿತ್ತು. ಒಣಗಿಸಿ, ಕಿವಿಯೊಳಗೆ ಸದ್ದು ಒಯ್ಯುವ ನಳಿಗೆ ಬದಲಿಸಿ, ಹೊಸ ಲ್ಯಾಪ್‌ಟಾಪಿಗೆ ಜೋಡಿಸಿದೆ. ಹೊಸ ಪ್ರೋಗ್ರಾಮು ಹಳೆಯ ಮಷಿನ್ನನ್ನು ಮೊದಲ ಸಲ ಕಂಡಾಗ ಎಲ್ಲವನ್ನೂ ಹೊಸದಾಗಿ ಬರೆಯಬೇಕೆನ್ನುತ್ತದೆ. ಹೆಸರು ಹುಡುಕಿದೆ. ಒಬ್ಬರೇ ಸಿಕ್ಕರು. ಊರು ಕಲ್ಲೋಳಿ ಎಂದಿತ್ತು. ಕೊನೆಯ ಪರೀಕ್ಷೆಯ ಪ್ರಕಾರ ಬರೆ ಎಂಬ ಗುಂಡಿ ಒತ್ತಿದೆ. ಹಸಿರು ಗುರುತು ಬಂತು. ಬಸ್ಸಿಗೆ ಹತ್ತು ನಿಮಿಷ ಉಳಿದಿತ್ತು.

ಸ್ಟ್ಯಾಂಡಿನಲ್ಲಿ ಮೂಡಲಗಿ ಬಸ್ಸಿನ ಕಂಡಕ್ಟರ್ ನನ್ನ ಕೈಯ ಡಬ್ಬಿ ನೋಡಿದರು.

"ಇವತ್ತ ಯಾರ ಕಿವೀರಿ ಅಕ್ಕಾರ?"

"ಕಲ್ಲೋಳಿದ್ರಿ. ಮೋಟಾರ ಕಾಕಾರ ಮನಿಯವರು ಸ್ಟ್ಯಾಂಡಿಗೆ ಬಂದಿರ್ತಾರ."

"ಕಿವಿಗೆ ತಿಕೀಟ ತಗಸೂದಿಲ್ಲೇನ್ರಿ?"

"ಹಾಫ್ ಹರೀರಿ. ಒಂದ ಕಿವಿ ಐತಿ."

ಅವರು ನಕ್ಕು ಡಬ್ಬಿಯನ್ನು ಅಂಗಿಯ ಕಿಸೆಗೆ ಹಾಕಿಕೊಂಡರು. ನಾನು ಕಾಕಾರ ಹೆಂಡತಿಗೆ ಫೋನ್ ಮಾಡಿ ಬಸ್ಸು ಬಿಟ್ಟಿತೆಂದು ಹೇಳಿದೆ.

ಕೋಣೆಗೆ ಬಂದು ಕೂತಾಗ ಫೋನ್ ಬಂತು. ಹತ್ತರಗಿ ಕಡೆಯ ಕುರಿ ಸಾಕುವವರೊಬ್ಬರ ಸೊಸೆ. ಆ ಹಿರಿಯರ ಎರಡೂ ಕಿವಿ ತೀರ ಮಂದ. ಹಿಂದಿನ ತಿಂಗಳಷ್ಟೇ ಹುಕ್ಕೇರಿಯಲ್ಲಿ ಅವರನ್ನು ಪರೀಕ್ಷಿಸಿದ್ದೆ. ಈ ವಾರ ಹುಕ್ಕೇರಿಗೆ ಬರುತ್ತೀರೋ ಇಲ್ಲವೋ ಎಂದು ಕೇಳಿದಳು. ಬರುತ್ತೇನೆಂದು ಹೇಳಿ, ಬರೆದಿಟ್ಟುಕೊಳ್ಳಲು ಅವರ ಹೆಸರನ್ನು ಹುಡುಕಿದೆ.

ಒಬ್ಬರೇ ಸಿಕ್ಕರು. ಊರು ಕಲ್ಲೋಳಿ ಎಂದಿತ್ತು. ಕೆಳಗೆ ಇದ್ದದ್ದು ಹತ್ತರಗಿಯ ಸೊಸೆಯ ಫೋನ್ ನಂಬರು.

ಇಬ್ಬರದೂ ಒಂದೇ ಹೆಸರು. ಆ ಹೆಸರು ಮನೆದೇವರ ಹೆಸರು, ನಮ್ಮ ಭಾಗದಲ್ಲಿ ಮನೆಗೊಬ್ಬರಿಗೆ ಇರುತ್ತದೆ. ಅಡ್ಡಹೆಸರಿನ ಜಾಗವನ್ನು ನಾನು ಯಾವತ್ತೂ ಖಾಲಿ ಬಿಡುತ್ತಿದ್ದೆ. ಕಲ್ಲೋಳಿಯವರು, ಹತ್ತರಗಿಯವರು ಎಂದು ಊರಿನಿಂದಲೇ ಜನರನ್ನು ಗುರುತಿಸುವುದು ನನ್ನ ರೂಢಿ, ಇಲ್ಲಿ ಎಲ್ಲರ ರೂಢಿ. ಪ್ರೋಗ್ರಾಮು ಊರನ್ನು ನೋಡಲಿಲ್ಲ. ಅದು ಹೆಸರು ನೋಡಿತು, ಹುಟ್ಟಿದ ದಿನ ನೋಡಿತು. ಹುಟ್ಟಿದ ದಿನ ಇಬ್ಬರದೂ ಜೂನ್ ಒಂದು, ಅದೇ ವರ್ಷ. ಆ ವಯಸ್ಸಿನವರನ್ನು ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಯಾರಿಗೂ ಗೊತ್ತಿರುತ್ತಿರಲಿಲ್ಲ. ಮಾಸ್ತರರು ಮಗುವನ್ನು ನೋಡಿ ವರ್ಷ ಅಂದಾಜು ಮಾಡಿ ಜೂನ್ ಒಂದು ಎಂದು ಬರೆದುಕೊಳ್ಳುತ್ತಿದ್ದರು. ನನ್ನ ತಂದೆಯ ಜನ್ಮದಿನವೂ ಜೂನ್ ಒಂದೇ. ಇದು ನನಗೆ ಗೊತ್ತಿಲ್ಲದ ಸಂಗತಿಯಾಗಿರಲಿಲ್ಲ.

ಪರೀಕ್ಷೆಯ ಗ್ರಾಫ್ ತೆರೆದೆ. ಕಾಕಾರ ಗೆರೆ ಹಾಳೆಯ ಮೇಲ್ಭಾಗದಲ್ಲಿ ಹೊರಟು ಬಲಕ್ಕೆ ನಿಧಾನವಾಗಿ ಇಳಿಯುತ್ತದೆ, ನನಗೆ ಅದು ಬಾಯಿಪಾಠ. ಇಲ್ಲಿದ್ದ ಗೆರೆ ಹಾಳೆಯ ತಳದಲ್ಲಿ ಹರಿದಿತ್ತು. ಗೆರೆ ಕೆಳಗಿದ್ದಷ್ಟೂ ಕಿವಿ ಮಂದ. ಕೊನೆಯ ಪರೀಕ್ಷೆ ಎಂದರೆ ಹುಕ್ಕೇರಿಯಲ್ಲಿ ಮಾಡಿದ, ಕುರಿ ಸಾಕುವ ಹಿರಿಯರ ಪರೀಕ್ಷೆ. ಅವರಿಗೆ ಬೇಕಾದ ಸದ್ದನ್ನು ನಾನು ಕಾಕಾರ ಮಷಿನ್ನಿಗೆ ಬರೆದು ಬಸ್ಸಿಗೆ ಕೊಟ್ಟಿದ್ದೆ.

ಕಾಕಾರ ಮನೆಗೆ ಫೋನ್ ಮಾಡಿದೆ. ಪೂರ್ತಿ ಬಡಿದುಕೊಂಡು ನಿಂತಿತು. ಮತ್ತೆ ಮಾಡಿದೆ. ಆಮೇಲೆ ತಿಳಿಯಿತು, ಅವರ ಹೆಂಡತಿ ಫೋನನ್ನು ಚಾರ್ಜಿಗೆ ಹಚ್ಚಿ ಸ್ಟ್ಯಾಂಡಿಗೆ ಹೋಗಿದ್ದರು. ಕಾಕಾರು ಫೋನ್ ಇಟ್ಟುಕೊಳ್ಳುವುದಿಲ್ಲ. ಕಂಡಕ್ಟರರ ನಂಬರು ನನ್ನಲ್ಲಿರಲಿಲ್ಲ. ಇಷ್ಟು ವರ್ಷ ಅವರ ಕಿಸೆಗೆ ಕಿವಿಗಳನ್ನು ಹಾಕಿದ್ದೆ, ಒಮ್ಮೆಯೂ ನಂಬರು ಕೇಳಿರಲಿಲ್ಲ.

ಬಸ್ಸು ಬಿಟ್ಟು ಹದಿನೆಂಟು ನಿಮಿಷವಾಗಿತ್ತು. ಎರಡೂ ಲ್ಯಾಪ್‌ಟಾಪು ಮೇಜಿನ ಮೇಲೆ ತೆರೆದಂತೆಯೇ ಬಿಟ್ಟು, ಬಾಗಿಲಿಗೆ ಕೀಲಿ ಹಾಕಿ, ಸ್ಕೂಟರ್ ತೆಗೆದೆ.

ಹೊಳೆಯ ಸೇತುವೆ ದಾಟುವವರೆಗೆ ರಸ್ತೆ ಖಾಲಿ ಇತ್ತು. ಆಮೇಲೆ ಕಬ್ಬಿನ ಟ್ರ್ಯಾಕ್ಟರುಗಳು ಸಿಕ್ಕವು. ಒಂದೊಂದಕ್ಕೂ ಎರಡು ಟ್ರೇಲರು, ಎರಡರಲ್ಲೂ ರಸ್ತೆಯ ಅಗಲಕ್ಕೆ ಚಾಚಿದ ಕಬ್ಬು. ಡ್ರೈವರ್ ಕೂತಲ್ಲಿ ದೊಡ್ಡ ಸ್ಪೀಕರು, ಅದರಲ್ಲಿ ಹಾಡು. ಹಾರನ್ ಒತ್ತಿದರೆ ಅವರಿಗೆ ಕೇಳುವುದಿಲ್ಲ. ಒಂದು ಟ್ರ್ಯಾಕ್ಟರಿನ ಹಿಂದೆ ಬಹಳ ಹೊತ್ತು ಹೋದೆ. ಎದುರಿನಿಂದ ಖಾಲಿ ಟ್ರೇಲರುಗಳು ಒಂದರ ಹಿಂದೊಂದು ಬರುತ್ತಿದ್ದವು. ಬಸ್ಸು ಊರೂರಿಗೆ ನಿಲ್ಲುತ್ತದೆ, ನಾನು ನಿಲ್ಲುವುದಿಲ್ಲ, ಸಿಕ್ಕೇ ಸಿಗುತ್ತದೆ ಎಂದು ಲೆಕ್ಕ ಹಾಕಿದ್ದೆ. ಆ ಲೆಕ್ಕದಲ್ಲಿ ಟ್ರ್ಯಾಕ್ಟರುಗಳನ್ನು ಹಿಡಿದಿರಲಿಲ್ಲ.

ಮನಸ್ಸು ಇನ್ನೊಂದು ಲೆಕ್ಕವನ್ನೂ ಮಾಡುತ್ತಿತ್ತು. ಸುಮ್ಮನಿರುವ ಮನೆಯಲ್ಲಿ ಹಚ್ಚಿಕೊಂಡರೆ ಬೆಚ್ಚಿ ಕಿತ್ತುಹಾಕುತ್ತಾರೆ, ಅಷ್ಟೇ. ಓಡುವ ಮೋಟಾರಿನ ಪಕ್ಕದಲ್ಲಿ ಹಚ್ಚಿಕೊಂಡರೆ ಮಷಿನ್ ತನ್ನ ಮಿತಿಯವರೆಗೆ ಸದ್ದು ಬಿಡುತ್ತದೆ. ಮತ್ತು ಆ ಮಿತಿ ಬೇರೆಯವರದು.

ಕಲ್ಲೋಳಿ ಸ್ಟ್ಯಾಂಡ್ ಮುಟ್ಟಿದಾಗ ಬಸ್ಸು ಮೂಡಲಗಿಯ ದಿಕ್ಕಿಗೆ ಹೊರಟು ಹೋಗಿತ್ತು. ಚಹಾದಂಗಡಿಯವರನ್ನು ಕೇಳಿದೆ.

"ಈಗ ಇಸ್ಕೊಂಡ ಹೋದ್ರು ನೋಡ್ರಿ, ಅವರ ಮನಿಯವರು. ಯಾಕ್ರಿ, ಬ್ಯಾರೆ ಡಬ್ಬಿ ಕೊಟ್ಟಿರೇನು?"

ಸ್ಕೂಟರ್ ತಿರುಗಿಸಿದೆ. ರಿವೈಂಡಿಂಗ್ ಅಂಗಡಿ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿದೆ. ಓಣಿಗೆ ತಿರುಗುವಾಗಲೇ ಮೋಟಾರ್ ಓಡುವ ಸದ್ದು ಕೇಳಿಸಿತು.

ಕಾಕಾರು ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದರು. ಬಲಗಿವಿಯನ್ನು ಅಂಗೈಯಿಂದ ಒತ್ತಿ ಹಿಡಿದಿದ್ದರು, ಬಾಯಿ ತೆರೆದಿತ್ತು. ಅವರ ಹೆಂಡತಿ ಎದುರಿಗೆ ಬಗ್ಗಿ ನಿಂತು ಅವರ ಭುಜ ಹಿಡಿದುಕೊಂಡಿದ್ದರು. ಒಳಗೆ ಮೋಟಾರ್ ಇನ್ನೂ ಓಡುತ್ತಿತ್ತು. ಅದರ ಸದ್ದಿನ ಮೇಲೆ ಇನ್ನೊಂದು ಸದ್ದು ಇತ್ತು, ತೆಳುವಾದ, ಬಿಡದ ಸೀಟಿಯಂಥದು. ಮಷಿನ್ ನೆಲದ ಮೇಲೆ ಬಿದ್ದು ಕೂಗುತ್ತಿತ್ತು. ಕಿವಿಯಿಂದ ಹೊರಗೆ ಬಿದ್ದ ಜೋರು ಮಷಿನ್ ಹಾಗೆ ಕೂಗುತ್ತದೆ. ಕಾಕಾರು ಅದರತ್ತ ತಿರುಗಲೂ ಇಲ್ಲ. ಅವರಿಗೆ ಅದು ಕೇಳಿಸುತ್ತಿರಲಿಲ್ಲ.

ನಾನು ಮೊದಲು ಮೋಟಾರಿನ ಸ್ವಿಚ್ ಆರಿಸಿದೆ. ಆಮೇಲೆ ಮಷಿನ್ ಎತ್ತಿಕೊಂಡು ಸೆಲ್ಲಿನ ಬಾಗಿಲು ತೆರೆದೆ. ಸೀಟಿ ನಿಂತಿತು.

"ಹಚ್ಚಿಕೊಂಡ್ರು, ಒಮ್ಮೆಲೆ ಚೀರಿ ಕಿತ್ತ ಒಗದ್ರು," ಎಂದರು ಅವರ ಹೆಂಡತಿ. "ನಾ ಕರೆಂಟ ಹೊಡೀತು ಅಂತ ಮಾಡಿದ್ನಿ. ಕಿವ್ಯಾಗ ಬರೇ ಗುಂಯ್ ಅನ್ನಾಕತ್ತೈತಿ ಅಂತಾರ."

ಕಾಕಾರು ನನ್ನನ್ನು ನೋಡಿದರು. ಬರಬಹುದೆಂದು ಅವರು ನಿರೀಕ್ಷಿಸಿರಲಿಲ್ಲ, ಆದರೂ ಅಚ್ಚರಿ ತೋರಿಸಲಿಲ್ಲ. "ಬಸ್ಸಿನ್ಯಾಗ ಬಡದಿರಬೇಕ್ರಿ ಮಷಿನ್," ಎಂದರು. "ಆ ಕಂಡಕ್ಟರ ಕಿಸೆದಾಗ ಇಟಗೊಂಡ ಗೇಟಿಗೆ ಒರಗಿ ನಿಂದರತಾನ. ನಾ ಎಷ್ಟ ಸಲಾ ನೋಡೇನಿ."

ಹೌದು ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವರೇ ಒಂದು ಕಾರಣ ಕೊಟ್ಟಿದ್ದರು, ಮತ್ತು ಅದು ನಂಬುವಂಥ ಕಾರಣ. ಅವರ ಹೆಂಡತಿ ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತರುವವರೆಗೆ ಮಷಿನ್ನನ್ನು ಕೈಯಲ್ಲಿ ಹೊರಳಿಸುತ್ತ ನಿಂತೆ.

"ಬಸ್ಸಿನ್ಯಾಗ ಏನೂ ಆಗಿಲ್ರಿ ಕಾಕಾ," ಎಂದೆ. "ನಂದ ತಪ್ಪು."

"ಏನಂದ್ರಿ?"

ಅವರ ಕಿವಿಗೆ ಇನ್ನೂ ಹತ್ತಿರ ಬಗ್ಗಿ ಹೇಳಿದೆ. ಕೇಳಲಿಲ್ಲ. ಮೂರನೆಯ ಸಲ ಕೂಗಿ ಹೇಳಬೇಕಾಯಿತು. ಬಾಜೂ ಅಂಗಡಿಯ ವೆಲ್ಡಿಂಗಿನವರು ಕೆಲಸ ನಿಲ್ಲಿಸಿ, ಕನ್ನಡಕ ಹಣೆಗೇರಿಸಿಕೊಂಡು ಬಂದು ನಿಂತರು. ಎದುರು ಮನೆಯ ಹೆಂಗಸರಿಬ್ಬರು ಕಟ್ಟೆಗೆ ಬಂದರು. ಹೊಸ ಲ್ಯಾಪ್‌ಟಾಪಿಗೆ ಎಲ್ಲವನ್ನೂ ಸಾಗಿಸಿದ್ದು, ಅಲ್ಲಿ ಇಬ್ಬರ ಫೈಲು ಒಂದಾದದ್ದು, ಇನ್ನೊಬ್ಬರ ಸದ್ದನ್ನು ಅವರ ಮಷಿನ್ನಿಗೆ ಬರೆದದ್ದು, ಕಳಿಸುವ ಮೊದಲು ಅದನ್ನು ನಾನು ನನ್ನ ಕಿವಿಗೆ ಹಿಡಿದು ಕೇಳಿಯೂ ನೋಡದಿದ್ದದ್ದು, ಎಲ್ಲವನ್ನೂ ಓಣಿಗೆ ಕೇಳುವಷ್ಟು ದನಿಯಲ್ಲಿ ಹೇಳಿದೆ.

"ಯಾರ ಕಿವೀರಿ ಅದು?" ಎಂದರು ಕಾಕಾ.

"ಹತ್ತರಗಿ ಕಡೆ ಕುರಿಯವರು. ನಿಮ್ಮ ಹೆಸರ ಅವರದೂ. ಜೂನ್ ಒಂದು, ವರ್ಷಾನೂ ಅದ."

ಅವರು ಅಂಗೈಯನ್ನು ಕಿವಿಯಿಂದ ತೆಗೆಯದೆ ಸ್ವಲ್ಪ ನಕ್ಕರು. "ಸಾಲಿ ಮಾಸ್ತರಗೋಳು ಒಂದ ದಿನದಾಗ ನಾಡೆಲ್ಲಾ ಹಡದ ಇಟ್ಟಾರ್ರಿ."

"ನಗಬ್ಯಾಡ್ರಿ ನೀವು," ಎಂದರು ಅವರ ಹೆಂಡತಿ. ಆಮೇಲೆ ನನ್ನ ಕಡೆ ತಿರುಗಿ, ದನಿ ಏರಿಸದೆ ಕೇಳಿದರು: "ಕಿವಿ ಹೊಳ್ಳಿ ಬರ್ತೈತಿಲ್ಲರಿ?"

ಗೊತ್ತಿಲ್ಲ ಎಂದೆ.

ಕಿವಿಗೆ ಹತ್ತಿ ಇಟ್ಟು ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಘಟಪ್ರಭಾದ ಕಿವಿ ಡಾಕ್ಟರೊಬ್ಬರ ಹತ್ತಿರ ಕರೆದೊಯ್ದೆ. ಕಿವಿಯ ತಮಟೆ ಹರಿದಿಲ್ಲ ಎಂದರು ಡಾಕ್ಟರು. ಒಳಗಿನ ನರಕ್ಕೆ ಪೆಟ್ಟು ಬಿದ್ದಿದೆಯೋ ಇಲ್ಲವೋ ಈಗಲೇ ಹೇಳಲಾಗದು, ಗುಳಿಗೆ ಬರೆದಿದ್ದೇನೆ, ಸದ್ದಿನಿಂದ ದೂರ ಇರಲಿ, ಮೂರು ದಿನ ಬಿಟ್ಟು ನೀವೇ ಪರೀಕ್ಷೆ ಮಾಡಿ ಎಂದರು. ಸಂಜೆಯೊಳಗೆ ಗೋಕಾಕದ ಕೋಣೆಯಲ್ಲಿ ಒಮ್ಮೆ ಪರೀಕ್ಷೆ ಮಾಡಿದೆ. ಎಲ್ಲ ಕಡೆ ಹತ್ತು ಡೆಸಿಬಲ್ ಇಳಿದಿತ್ತು. ನಾಲ್ಕು ಸಾವಿರ ಹರ್ಟ್ಸಿನ ತೆಳು ದನಿಯಲ್ಲಿ ಇಪ್ಪತ್ತು. ಅಂದರೆ ಮುಂಚೆ ಪಿಸುಮಾತಿಗಿಂತ ತುಸು ಹೆಚ್ಚಿದ್ದರೆ ಕೇಳುತ್ತಿದ್ದ ಅಕ್ಷರಗಳಿಗೆ ಈಗ ಎದುರು ನಿಂತು ಮಾತಾಡುವ ದನಿ ಬೇಕು. ಜೋರು ಸದ್ದು ಬಿದ್ದ ದಿನ ಇಷ್ಟು ಇಳಿಯುವುದುಂಟು. ಕೆಲವರಿಗೆ ಪೂರ್ತಿ ಮರಳುತ್ತದೆ, ಕೆಲವರಿಗೆ ಇಲ್ಲ. ಯಾರಿಗೆ ಎಂಬುದನ್ನು ಮೊದಲೇ ತಿಳಿಯುವ ಉಪಾಯವಿಲ್ಲ.

ಮರುದಿನ ಬೆಳಿಗ್ಗೆಯಿಂದ ಹನ್ನೊಂದೂ ಫೈಲುಗಳನ್ನು ತೆರೆದೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಒಬ್ಬೊಬ್ಬರನ್ನೂ ಹುಡುಕಿ, ಕಪ್ಪು ಪಟ್ಟಿಯ ಕೆಳಗೆ ಬಿದ್ದ ಅಂಕಿಗಳನ್ನು ಪಕ್ಕಕ್ಕೆ ಸರಿಸಿ ಓದಿಕೊಂಡೆ. ಶಿಬಿರದಲ್ಲಿ ಎರಡು ಸಲ ಬರೆಸಿದವರು ಹನ್ನೊಂದರಲ್ಲಿ ನಾಲ್ಕು ಮಾತ್ರ. ಉಳಿದ ಏಳು ಹೆಸರುಗಳ ಹಿಂದೆ ಹದಿನಾಲ್ಕು ಜನರಿದ್ದರು. ಎಲ್ಲರೂ ಜೂನ್ ಒಂದು. ಭಾನುವಾರದ ನಂತರ ನಾನು ಬರೆದುಕೊಟ್ಟ ಮಷಿನ್‌ಗಳು ಐದು. ಕಾಕಾರದನ್ನು ಬಿಟ್ಟರೆ ಉಳಿದ ನಾಲ್ಕೂ ಆ ಹದಿನಾಲ್ಕರಲ್ಲಿ ಸೇರಿರಲಿಲ್ಲ. ಅದನ್ನು ಖಚಿತ ಮಾಡಿಕೊಂಡ ಮೇಲೆ ಊಟ ಮಾಡಿದೆ.

ಕೂಡಿಸಿದ್ದನ್ನು ಬೇರೆ ಮಾಡಲು ಪ್ರೋಗ್ರಾಮಿನಲ್ಲಿ ಗುಂಡಿ ಇರಲಿಲ್ಲ. ಹದಿನಾಲ್ಕು ಜನರನ್ನೂ ಹೊಸದಾಗಿ ಬರೆಯಬೇಕಾಯಿತು. ಪ್ರತಿಯೊಬ್ಬರಿಗೂ ಫೋನ್ ಮಾಡಿ ಅಡ್ಡಹೆಸರು, ತಾಯಿಯ ಹೆಸರು ಕೇಳಿದೆ. ಮುದುಕರೊಬ್ಬರು, "ಅವ್ವನ ಹೆಸರ ಯಾಕ್ರಿ, ಆಕಿ ಕಿವಿ ಛಲೋ ಇತ್ತು," ಎಂದರು. ಎಡಕ್ಕೆ ಹಳೆಯದು, ಬಲಕ್ಕೆ ಹೊಸದು. ಒಂದು ಅಂಕಿ ಓದುವುದು, ಒಂದು ಒತ್ತುವುದು, ತಿರುಗಿ ಎರಡನ್ನೂ ನೋಡುವುದು. ಕಾಕಾರದನ್ನು ನಾಲ್ಕು ಸಲ ನೋಡಿದೆ.

ಗುರುವಾರ ಹುಕ್ಕೇರಿಗೆ ಕುರಿಯ ಹಿರಿಯರು ಸೊಸೆಯ ಜೊತೆ ಬಂದರು. ಅವರ ಮಷಿನ್ನಿಗೆ ಏನೂ ಆಗಿರಲಿಲ್ಲ. ಆದರೂ ನಡೆದದ್ದನ್ನು ಹೇಳಿದೆ. ಸೊಸೆ ಅವರ ಕಿವಿಯಲ್ಲಿ ಇನ್ನೊಮ್ಮೆ ಹೇಳಿದಳು. ಅವರು ಕೇಳಿದರು: "ನನ್ನ ಕಿವಿ ಹಚ್ಚಿಕೊಂಡ ಅಂವಂಗ ನಮ್ಮ ನಾಯಿ ಬೊಗಳೂದರೆ ಕೇಳಿಸ್ತೇನ್ರಿ?" ಸೊಸೆ ನಕ್ಕಳು. ಅವರು ನಗಲಿಲ್ಲ. ಹೊರಡುವಾಗ ತಿರುಗಿ, "ಅಂವಗ ಆರಾಮ ಆತಂದ್ರ ನನಗ ಹೇಳಿ ಕಳಸ್ರಿ," ಎಂದರು.

ಶುಕ್ರವಾರ ಮೂಡಲಗಿಯ ದಿನ. ಹತ್ತು ಗಂಟೆಗೆ ಕಾಕಾರು ಹೆಂಡತಿಯ ಜೊತೆ ಬಂದರು. ಮೂರು ದಿನ ಅಂಗಡಿ ಮುಚ್ಚಿತ್ತು. ಮನೆಯಲ್ಲಿ ಟಿ.ವಿ. ಹಚ್ಚಿರಲಿಲ್ಲ, ಮಿಕ್ಸರ್ ತಿರುಗಿಸದೆ ಕಲ್ಲಿನಲ್ಲಿಯೇ ಅರೆದಿದ್ದರಂತೆ. ಗುಂಯ್ ಎನ್ನುವುದು ಗುರುವಾರ ಬೆಳಿಗ್ಗೆ ನಿಂತಿತು ಎಂದರು. ಮುಂದಿನ ಅಂಗಡಿಯವರು ಗಾಜು ಸವೆಸುವ ಯಂತ್ರವನ್ನು ತಾವಾಗಿಯೇ ಆರಿಸಿದರು.

ಕಾಕಾರಿಗೆ ಹೆಡ್‌ಫೋನ್ ಹಾಕಿ, ನನಗೆ ಬೆನ್ನು ಮಾಡಿ ಕೂರಿಸಿದೆ. ದನಿ ಕೇಳಿದಾಗ ಬೆರಳೆತ್ತಬೇಕು. ದಪ್ಪ ದನಿಯಿಂದ ಶುರು ಮಾಡಿದೆ. ಬೆರಳು ಎದ್ದಿತು. ಐದು ಇಳಿಸಿದೆ, ಎದ್ದಿತು. ಇನ್ನೈದು, ಎದ್ದಿತು. ಹಳೆಯ ಅಂಕಿಗೆ ಬಂದು ನಿಂತಿತು. ಐನೂರು ಸರಿ ಇತ್ತು. ಸಾವಿರ ಸರಿ ಇತ್ತು. ಎರಡು ಸಾವಿರದಲ್ಲಿ ಬೆರಳು ತಡವಾಗಿ ಎದ್ದಿತು, ಆದರೆ ಎದ್ದಿತು. ಬಾಗಿಲ ಬಳಿಯ ಸ್ಟೂಲಿನ ಮೇಲೆ ಅವರ ಹೆಂಡತಿ ಗಂಡನ ಬೆರಳನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು.

ನಾಲ್ಕು ಸಾವಿರ. ಹಳೆಯ ಅಂಕಿಯಲ್ಲಿ ದನಿ ಬಿಟ್ಟೆ. ಬೆರಳು ಏಳಲಿಲ್ಲ. ಮತ್ತೆ ಬಿಟ್ಟೆ, ಏಳಲಿಲ್ಲ. ಐದು ಏರಿಸಿದೆ, ಎದ್ದಿತು. ಇಳಿಸಿದೆ, ಇಲ್ಲ. ನೀರು ಕುಡಿಯಲು ಹೇಳಿ, ಐದು ನಿಮಿಷ ಬಿಟ್ಟು ಇನ್ನೊಮ್ಮೆ ಮಾಡಿದೆ. ಅಷ್ಟೇ ಬಂತು. ಮೂರನೆಯ ಸಲ ಮಾಡಿದಾಗಲೂ ಅಷ್ಟೇ.

ಹೆಡ್‌ಫೋನ್ ತೆಗೆದರು. "ಪಾಸೋ ನಪಾಸೋ?"

"ಎಲ್ಲಾ ಹೊಳ್ಳಿ ಬಂದೈತ್ರಿ. ಒಂದ ಕಡೆ ಐದು ಕಡಿಮಿ ಐತಿ. ತೆಳು ದನ್ಯಾಗ."

"ಅದು ನಿಮ್ಮ ಮಷಿನ್ನಿಂದ ಹೋತೋ, ನನ್ನ ವಯಸ್ಸಿಗೆ ಹೋತೋ?"

ಇದಕ್ಕೆ ಸರಿಯಾದ ಉತ್ತರ ಬರೆಯಬೇಕು. ಪರೀಕ್ಷೆಯಲ್ಲಿಯೇ ಐದರ ಹೆಚ್ಚುಕಡಿಮೆ ಇರುತ್ತದೆ. ಬೇರೆ ಯಾರಿಗಾದರೂ ಬಂದಿದ್ದರೆ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಅವರ ಹಿಂದಿನ ಪರೀಕ್ಷೆ ಒಂದು ವರ್ಷದ ಹಿಂದಿನದು. ಆ ವರ್ಷದಲ್ಲಿ ಮೋಟಾರುಗಳ ನಡುವೆ ತಾನಾಗಿಯೇ ಐದು ಇಳಿದಿರಬಹುದು. ಮಂಗಳವಾರ ಇಳಿದಿರಲೂಬಹುದು. ಬೇರ್ಪಡಿಸಿ ತಿಳಿಯಲು ಸಾಧ್ಯವಿಲ್ಲ, ಇನ್ನು ಮುಂದೆಯೂ ಸಾಧ್ಯವಿಲ್ಲ.

"ಅದನ್ನ ನನಗ ಹೇಳಾಕ ಆಗೂದಿಲ್ರಿ ಕಾಕಾ," ಎಂದೆ. "ನಂದ ಇರಬೌದು."

"ಇರಬೌದು ಅಂತ ಬರಕೋರಿ ಹಂಗಾರ," ಎಂದರು. ಬರೆದುಕೊಂಡೆ.

ಮಷಿನ್ನಿಗೆ ಅವರದೇ ಅಂಕಿಗಳನ್ನು ಬರೆದು ಕೈಗೆ ಕೊಡಹೋದೆ. ಅವರು ತೆಗೆದುಕೊಳ್ಳಲಿಲ್ಲ. "ಮದಲ ನೀವು ಹಚ್ಚಕೊಂಡ ನೋಡ್ರಿ." ನಳಿಗೆ ಜೋಡಿಸಿ ನನ್ನ ಕಿವಿಗೆ ಹಿಡಿದು ಕೇಳಿದೆ. ಅವರ ಹೆಂಡತಿಯನ್ನು ಮಾತಾಡಲು ಕೇಳಿಕೊಂಡೆ. ಅವರು ಏನು ಮಾತಾಡಲಿ ಎಂದರು, ಅಷ್ಟು ಸಾಕಾಯಿತು. ಅಂಗಡಿಯವರಿಗೆ ಹೇಳಿ ಗಾಜಿನ ಯಂತ್ರವನ್ನು ಒಮ್ಮೆ ಓಡಿಸಿದೆ. ಸದ್ದು ಏರಿತು, ಮಿತಿಗೆ ಬಂದು ನಿಂತಿತು. ಆಮೇಲೆ ಕಾಕಾರು ಮಷಿನ್ನನ್ನು ಅಂಗೈಯಲ್ಲಿ ಹಿಡಿದು ಕೂತರು. ಕಿವಿಯ ಹಿಂದೆ ಇಟ್ಟುಕೊಂಡರು, ಸೆಲ್ಲಿನ ಬಾಗಿಲು ಮುಚ್ಚಲಿಲ್ಲ. ಹೆಂಡತಿ ಎದ್ದು ಬಂದರು, ಅವರು ಬೇಡವೆಂದು ತಲೆಯಾಡಿಸಿ, ಕಣ್ಣು ಮುಚ್ಚಿ, ಉಗುರಿನಿಂದ ಬಾಗಿಲನ್ನು ಒತ್ತಿದರು.

"ಹಂ," ಎಂದರು. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ತೆರೆದರು.

ಅವರು ಹೊರಟಾಗ ನಾನು ಅಂಗಡಿಯ ಬಾಗಿಲವರೆಗೆ ಹೋದೆ. ಸ್ಟ್ಯಾಂಡಿನ ರಸ್ತೆಯಲ್ಲಿ ಗದ್ದಲವಿತ್ತು. ಹೆಂಡತಿ ಮುಂದೆ, ಅವರು ಹಿಂದೆ. ಅವರ ಪಕ್ಕದಲ್ಲಿಯೇ ಒಂದು ಬಸ್ಸು ಹಾರನ್ ಒತ್ತಿತು. ಕಾಕಾರು ನಿಂತುಬಿಟ್ಟರು. ಬಲಗೈ ಮೇಲೆದ್ದಿತು, ಭುಜದ ಮಟ್ಟಕ್ಕೆ ಬಂದು ಅಲ್ಲೇ ನಿಂತಿತು. ಆಮೇಲೆ ಆ ಕೈ ನಿಧಾನವಾಗಿ ಕೆಳಗಿಳಿಯಿತು. ಅವರು ತಿರುಗಿ ಬಸ್ಸಿನ ಬೋರ್ಡು ಓದಿ, ತಮ್ಮ ಬಸ್ಸು ಅದಲ್ಲವೆಂದು ಕಂಡು, ಹೆಂಡತಿಯ ಹಿಂದೆ ನಡೆದರು.